ಏಂಜಲ್ಸ್ 2023: ಗಾಯ, ಟ್ರೇಡ್, ಮತ್ತು ತಡವಾಗಿ ಹಾಕಿದ ಲೆಕ್ಕ

2023ರ ಜುಲೈ 27ರ ರಾತ್ರಿ ಅಮೆರಿಕದ ಬೇಸ್‌ಬಾಲ್ ತಂಡ ಲಾಸ್ ಏಂಜಲಿಸ್ ಏಂಜಲ್ಸ್‌ನ ಲೆಕ್ಕದಲ್ಲಿ 54 ಗೆಲುವು, 49 ಸೋಲು ಇದ್ದವು. ಅಂದು ಡೆಟ್ರಾಯ್ಟ್‌ನಲ್ಲಿ ಒಂದೇ ದಿನ ಎರಡು ಪಂದ್ಯ. ಮೊದಲನೆಯದರಲ್ಲಿ, ಎಸೆತ ಬ್ಯಾಟಿಂಗ್ ಎರಡನ್ನೂ ಮಾಡುವ ಶೋಹೇ ಒಹ್ತಾನಿ ಒಂಬತ್ತೂ ಇನ್ನಿಂಗ್ಸ್ ತಾವೇ ಎಸೆದು, ಎದುರಾಳಿಗೆ ಒಂದೇ ಒಂದು ಹಿಟ್ ಕೊಟ್ಟು, ರನ್ ಬಿಡದೆ ಗೆಲ್ಲಿಸಿದರು. ಎರಡನೆಯದರಲ್ಲಿ ಎರಡು ಹೋಮ್ ರನ್ ಹೊಡೆದು, ಸ್ನಾಯು ಸೆಳೆತ ಬಂದು ಹೊರಗೆ ಕೂತರು. ಹಿಂದಿನ ರಾತ್ರಿಯಷ್ಟೇ ಆಡಳಿತ ಷಿಕಾಗೋ ವೈಟ್ ಸಾಕ್ಸ್‌ನಿಂದ ಇಬ್ಬರು ಪಿಚರ್‌ಗಳನ್ನು, ಅಂದರೆ ಚೆಂಡು ಎಸೆಯುವವರನ್ನು, ತಂದಿತ್ತು. ಆ ವರ್ಷಕ್ಕೇ ಒಪ್ಪಂದ ಮುಗಿಯಲಿದ್ದ ಒಹ್ತಾನಿ ಮಾರಾಟಕ್ಕಿಲ್ಲ ಎಂಬುದೂ ಆ ಹೊತ್ತಿಗೆ ಖಚಿತವಾಗಿತ್ತು. ಅಲ್ಲಿಂದಾಚೆ ಆಡಿದ 59 ಪಂದ್ಯಗಳಲ್ಲಿ ಗೆದ್ದದ್ದು 19. ಸೀಸನ್ ಮುಗಿದದ್ದು 73-89ಕ್ಕೆ. ಹಿಂದಿನ ವರ್ಷ, ಅಂದರೆ 2022ರಲ್ಲೂ, ಕೂಡಿಸಿ ಕಳೆದು ಬಂದದ್ದು ಇದೇ 73-89.

ಈ ಕುಸಿತಕ್ಕೆ ಅಭಿಮಾನಿಗಳ ಬಳಿ ಎರಡು ಸಿದ್ಧ ವಿವರಣೆಗಳಿವೆ. ಗಾಯಗಳು ಮುಳುಗಿಸಿದವು ಎನ್ನುವುದು ಒಂದು, ಆ ಇಬ್ಬರು ಪಿಚರ್‌ಗಳನ್ನು ತಂದ ಆಟಗಾರರ ವಿನಿಮಯ, ಅಂದರೆ ಜಿಯೊಲಿಟೊ ಟ್ರೇಡ್, ಮುಳುಗಿಸಿತು ಎನ್ನುವುದು ಇನ್ನೊಂದು. ಎರಡರಲ್ಲೂ ಹುರುಳಿದೆ, ಆದರೆ ಎರಡೂ ಕೊನೆಯ ಎರಡು ತಿಂಗಳನ್ನು ಮಾತ್ರ ನೋಡುತ್ತವೆ. ಈ ತಂಡದಲ್ಲಿ ಯಾರು ಎಷ್ಟು ಪಂದ್ಯಕ್ಕೆ ಸಿಗುತ್ತಾರೆ ಎಂಬ ಲೆಕ್ಕ ಮೂರು ವರ್ಷದಿಂದ ಕಣ್ಣೆದುರೇ ಇತ್ತು. ನಿರ್ಧಾರಗಳಿಗೂ ಆ ಲೆಕ್ಕಕ್ಕೂ ಸಂಬಂಧವೇ ಇರಲಿಲ್ಲ.

ದುಡ್ಡು ಎಲ್ಲಿ ಕೂತಿತ್ತು

ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಸಂಬಳಕ್ಕೆ ಕಡ್ಡಾಯ ಮಿತಿ ಇಲ್ಲ. ಒಂದು ಗೆರೆ ಇದೆ, ಅದನ್ನು ದಾಟಿದವರು ಲಗ್ಜುರಿ ಟ್ಯಾಕ್ಸ್ ಕಟ್ಟಬೇಕು. 2023ರಲ್ಲಿ ಆ ಗೆರೆ 23.3 ಕೋಟಿ ಡಾಲರ್. ಲೆಕ್ಕ ಹಿಡಿಯುವುದು ಆ ವರ್ಷ ಕೈಗೆ ಕೊಟ್ಟ ಹಣವನ್ನಲ್ಲ, ಒಪ್ಪಂದದ ಒಟ್ಟು ಮೊತ್ತದ ವಾರ್ಷಿಕ ಸರಾಸರಿಯನ್ನು. ತಾರಾ ಬ್ಯಾಟರ್ ಮೈಕ್ ಟ್ರೌಟ್ ಅವರದು 12 ವರ್ಷಕ್ಕೆ 42.65 ಕೋಟಿ, ಸರಾಸರಿ ಸುಮಾರು 3.55 ಕೋಟಿ. ಮೂರನೇ ಬೇಸ್ ಕಾಯುವ ಆಂಥೊನಿ ರೆಂಡಾನ್ ಅವರದು 7 ವರ್ಷಕ್ಕೆ 24.5 ಕೋಟಿ, ಸರಾಸರಿ 3.5 ಕೋಟಿ. ಒಹ್ತಾನಿ ಆ ವರ್ಷಕ್ಕೆ 3 ಕೋಟಿ. ಮೂವರದ್ದೇ 10 ಕೋಟಿ ಮೀರಿತು. 40 ಜನರ ಯಾದಿಯಲ್ಲಿ ಉಳಿದ 37 ಮಂದಿ, ವಿಮೆ, ಪಿಂಚಣಿ ಬಾಬ್ತು ಎಲ್ಲವೂ ಮಿಕ್ಕ 13 ಕೋಟಿಯಲ್ಲಿ ಹಿಡಿಯಬೇಕು.

ಈಗ ಹಾಜರಿ ಪುಸ್ತಕ ತೆಗೆಯೋಣ. 2021ರಿಂದ 2023ರವರೆಗೆ ತಂಡ ಆಡಿದ್ದು 486 ಪಂದ್ಯ. ಟ್ರೌಟ್ ಕ್ರಮವಾಗಿ 36, 119, 82 ಆಡಿದರು, ಒಟ್ಟು 237. ರೆಂಡಾನ್ 58, 47, 43, ಒಟ್ಟು 148. ಇವು ಸೀಸನ್ ಮುಗಿದ ಮೇಲಿನ ಅಂಕಿಗಳು ಎಂದು ಆಕ್ಷೇಪಿಸಬಹುದು. ಸರಿ, ಕೊನೆಯ ವರ್ಷ ಬಿಟ್ಟುಬಿಡಿ. 2023ರ ಮಾರ್ಚ್‌ನಲ್ಲಿ ಮೇಜಿನ ಮೇಲಿದ್ದ ಎರಡು ವರ್ಷದ ಲೆಕ್ಕವೂ ಅದನ್ನೇ ಹೇಳುತ್ತಿತ್ತು: ಟ್ರೌಟ್ ಅರ್ಧಕ್ಕಿಂತ ಕಡಿಮೆ, ರೆಂಡಾನ್ ಮೂರರಲ್ಲೊಂದು. ಟ್ರೌಟ್‌ಗೆ 2021ರಲ್ಲಿ ಮೀನಖಂಡ, 2022ರಲ್ಲಿ ಬೆನ್ನು. ರೆಂಡಾನ್‌ಗೆ ಸೊಂಟದ ಕೀಲು, ಆಮೇಲೆ ಮಣಿಕಟ್ಟು. ಮೂವತ್ತು ದಾಟಿದ ಆಟಗಾರನಿಗೆ ಪ್ರತಿ ವರ್ಷ ಬೇರೆ ಬೇರೆ ಜಾಗದಲ್ಲಿ ತೊಂದರೆ ಬರುತ್ತಿದ್ದರೆ ಅದನ್ನು ದುರಾದೃಷ್ಟದ ಖಾತೆಗೆ ಬರೆದು ಕೈತೊಳೆದುಕೊಳ್ಳುವ ಹಾಗಿಲ್ಲ.

ಟ್ರೌಟ್ ಒಪ್ಪಂದವನ್ನು ದೂರಲು ನನಗೆ ಮನಸ್ಸಿಲ್ಲ. 2019ರಲ್ಲಿ ಅವರಿಗಿಂತ ಒಳ್ಳೆಯ ಆಟಗಾರ ಲೀಗ್‌ನಲ್ಲಿರಲಿಲ್ಲ, ಬೇರೆ ಯಾವ ತಂಡವಾದರೂ ಅಷ್ಟೇ ಕೊಡುತ್ತಿತ್ತು. ರೆಂಡಾನ್ ವಿಷಯ ಬೇರೆ. ಅದೇ 2019ರ ಡಿಸೆಂಬರ್‌ನಲ್ಲಿ ತಂಡಕ್ಕೆ ಬೇಕಿದ್ದದ್ದು ಪಿಚರ್. ತಂಡದ ತವರೂರು ಆನಹೈಮ್ ಇರುವ ಆರೆಂಜ್ ಕೌಂಟಿಯಲ್ಲೇ ಬೆಳೆದ ಗೆರಿಟ್ ಕೋಲ್ 32.4 ಕೋಟಿಗೆ ಯಾಂಕೀಸ್ ಪಾಲಾದರು. ಅದರ ಬೆನ್ನಿಗೇ ಏಂಜಲ್ಸ್ ಆ ದುಡ್ಡನ್ನು ಇನ್ನೊಬ್ಬ ದೊಡ್ಡ ಬ್ಯಾಟರ್ ಮೇಲೆ ಹಾಕಿತು. ಮಾಲೀಕ ಆರ್ಟಿ ಮೊರೇನೊ ಅವರಿಗೆ ಇದು ಹಳೆಯ ಚಾಳಿ. 2011ರಲ್ಲಿ ಆಲ್ಬರ್ಟ್ ಪೂಹೋಲ್ಸ್‌ಗೆ 10 ವರ್ಷಕ್ಕೆ 24 ಕೋಟಿ, ಮರುವರ್ಷ ಜಾಶ್ ಹ್ಯಾಮಿಲ್ಟನ್‌ಗೆ 5 ವರ್ಷಕ್ಕೆ 12.5 ಕೋಟಿ. ಟಿಕೆಟ್ ಮಾರುವ ಹೆಸರುಗಳು. ಟ್ರೌಟ್ ಇದ್ದ ಅಷ್ಟೂ ವರ್ಷಗಳಲ್ಲಿ ತಂಡ ಪ್ಲೇಆಫ್ ಕಂಡದ್ದು 2014ರಲ್ಲಿ ಒಮ್ಮೆ, ಅಲ್ಲೂ ಕಾನ್ಸಾಸ್ ಸಿಟಿ ಎದುರು 3-0 ಸೋಲು.

ಜನರಲ್ ಮ್ಯಾನೇಜರ್ ಪೆರಿ ಮಿನೇಸಿಯನ್ ಕೈಕಟ್ಟಿ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. 2022-23ರ ಚಳಿಗಾಲದಲ್ಲಿ ಅವರು ಮಧ್ಯಮ ದರ್ಜೆಯ ಆಟಗಾರರನ್ನು ತುಂಬಿಕೊಂಡರು: ಬ್ರ್ಯಾಂಡನ್ ಡ್ರೂರಿ, ಜಿಯೊ ಉರ್ಶೆಲಾ, ಹಂಟರ್ ರೆನ್‌ಫ್ರೋ, ಪಿಚರ್‌ಗಳಾದ ಟೈಲರ್ ಆಂಡರ್ಸನ್, ಕಾರ್ಲೋಸ್ ಎಸ್ಟೆವೆಜ್, ಮ್ಯಾಟ್ ಮೂರ್. ದೊಡ್ಡವರು ಮಲಗಿದರೆ ನಿಭಾಯಿಸುವವರು ಇರಲಿ ಎಂಬ ಈ ಯೋಚನೆ ಸರಿಯಾಗಿತ್ತು. ಆದರೆ ಏಪ್ರಿಲ್‌ನಲ್ಲಿ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು) ಲೋಗನ್ ಒಹಾಪಿ ಭುಜದ ಒಳಪದರ ಹರಿದುಕೊಂಡರು, ಜೂನ್‌ನಲ್ಲಿ ಉರ್ಶೆಲಾ ಕಟಿಯ ಮೂಳೆ ಮುರಿದುಕೊಂಡರು, ಶಾರ್ಟ್‌ಸ್ಟಾಪ್ ಜ್ಯಾಕ್ ನೆಟೊ ಪಕ್ಕೆ ಸ್ನಾಯು ಹಿಡಿದು ಕೂತರು. ಆಪತ್ತಿಗೆಂದು ಇಟ್ಟ ಗಂಟು ಜೂನ್ ಮುಗಿಯುವುದರೊಳಗೇ ಖಾಲಿ. ಕೆಳಗಿನ ಮೈನರ್ ಲೀಗ್ ತಂಡಗಳಿಂದ ಎತ್ತಿಕೊಳ್ಳಲು ತಯಾರಾದ ಬ್ಯಾಟರ್‌ಗಳೂ ವಿರಳ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 2021ರಲ್ಲಿ ಏಂಜಲ್ಸ್ ಆರಿಸಿದ 20ಕ್ಕೆ 20 ಮಂದಿಯೂ ಪಿಚರ್‌ಗಳು. ಹೀಗಾಗಿ ಜೂನ್‌ನಲ್ಲೇ ಎಡ್ವಾರ್ಡೊ ಎಸ್ಕೊಬಾರ್ ಮತ್ತು ಮೈಕ್ ಮೌಸ್ಟಾಕಸ್ ಅವರನ್ನು ಹೊರಗಿನಿಂದ ತರಬೇಕಾಯಿತು. ಇಬ್ಬರೂ ಮೂವತ್ತು ದಾಟಿದವರೇ.

ಮೂರು ಗಾಯ

ಜುಲೈ 3, ಸ್ಯಾನ್ ಡಿಯೇಗೋ. ಟ್ರೌಟ್ ಬ್ಯಾಟ್ ಬೀಸಿದರು, ಚೆಂಡು ಫೌಲ್ ಆಯಿತು (ಆಟದ ಗೆರೆಗಳ ಹೊರಗೆ ಹೋಯಿತು), ಅವರು ಎಡಗೈ ಕೊಡವುತ್ತಾ ಬದಿಗೆ ಸರಿದರು. ಮುರಿದದ್ದು ಹ್ಯಾಮೇಟ್. ಕಿರುಬೆರಳಿನ ಕಡೆ, ಅಂಗೈ ಬುಡದಲ್ಲಿರುವ ಈ ಪುಟ್ಟ ಮೂಳೆಗೆ ಕೊಕ್ಕೆಯಂಥ ಒಂದು ಚಾಚು ಇದೆ. ಬಲಗೈ ಬ್ಯಾಟರ್ ಹಿಡಿಕೆಯ ತುದಿಯಲ್ಲಿ ಹಿಡಿಯುವುದು ಎಡಗೈ. ಬ್ಯಾಟಿನ ತುದಿಯ ಗುಂಡು ಸರಿಯಾಗಿ ಆ ಕೊಕ್ಕೆಯ ಮೇಲೆ ಕೂರುತ್ತದೆ. ಬಿರುಸಿನ ಹೊಡೆತಕ್ಕೆ ಬ್ಯಾಟ್ ಅರ್ಧದಲ್ಲಿ ತಡೆದರೆ ಅಥವಾ ಚೆಂಡು ಅಂಚಿಗೆ ತಗುಲಿದರೆ ಅಷ್ಟೂ ಒತ್ತಡ ಅಲ್ಲಿಗೇ. ಆ ಭಾಗಕ್ಕೆ ರಕ್ತ ಸರಬರಾಜು ಕಡಿಮೆಯಿರುವುದರಿಂದ ತಾನಾಗಿ ಕೂಡಿಕೊಳ್ಳುವುದು ನಿಧಾನ. ಅದಕ್ಕೇ ಶಸ್ತ್ರಚಿಕಿತ್ಸೆ ಮಾಡಿ, ಹೆಚ್ಚಿನವರಿಗೆ ಮುರಿದ ತುಂಡನ್ನು ತೆಗೆದೇ ಬಿಡುತ್ತಾರೆ. ನಾಲ್ಕರಿಂದ ಎಂಟು ವಾರ ಎಂದು ಹೇಳುವುದು ರೂಢಿ. ಗಾಯ ಮಾಯುವುದಕ್ಕೆ ಅಷ್ಟು ಸಾಕು, ಹಿಡಿತದ ಬಲ ಬರುವುದಕ್ಕೆ ಸಾಲದು. ವಾಪಸು ಬಂದವರು ಚೆಂಡು ಮುಟ್ಟುತ್ತಾರೆ, ದೂರ ಕಳಿಸುವುದಕ್ಕೆ ಇನ್ನೂ ತಿಂಗಳುಗಳು ಬೇಕು.

ಟ್ರೌಟ್ ಆಗಸ್ಟ್ 22ಕ್ಕೆ ಮರಳಿದರು. ಒಂದು ಪಂದ್ಯ ಆಡಿದರು, ನೋವು ಹೋಗಿರಲಿಲ್ಲ, ಮತ್ತೆ ಗಾಯಾಳುಗಳ ಪಟ್ಟಿ ಸೇರಿದರು, ಆ ವರ್ಷ ಇನ್ನು ಕಾಣಿಸಲಿಲ್ಲ. ಅಷ್ಟು ಹೊತ್ತಿಗೆ ತಂಡ ಪೈಪೋಟಿಯಿಂದಲೇ ಬಿದ್ದಿತ್ತು. 2030ರವರೆಗೆ ಸಂಬಳ ಕೊಡಬೇಕಾದ ಆಟಗಾರನನ್ನು ಆ ಒಂದು ಪಂದ್ಯಕ್ಕೆ ಕಣಕ್ಕಿಳಿಸಿ ಏನು ಸಾಧಿಸಿದರೋ ತಿಳಿಯದು.

ಜುಲೈ 4, ಅದೇ ಊರು. ರೆಂಡಾನ್ ಹೊಡೆದ ಫೌಲ್ ಚೆಂಡು ಅವರದೇ ಎಡ ಮೊಣಕಾಲ ಕೆಳಗಿನ ಮೂಳೆಗೆ ಬಡಿಯಿತು. ತಂಡ ಅದನ್ನು ಪಟ್ಟಿಗೆ ಸೇರಿಸಿದ್ದು ಜಜ್ಜುಗಾಯ ಎಂದು. ವಾರಗಳು ಉರುಳಿದವು, ಜಜ್ಜುಗಾಯ ಜಜ್ಜುಗಾಯವಾಗಿಯೇ ಉಳಿಯಿತು. ಸೆಪ್ಟೆಂಬರ್‌ನಲ್ಲಿ ರೆಂಡಾನ್ ತಾವೇ ಪತ್ರಕರ್ತರಿಗೆ ಮೂಳೆ ಮುರಿದಿದೆ ಎಂದರು. ಅಭಿಮಾನಿಗಳು ಸಿಟ್ಟಾದದ್ದು ಅವರ ಧಾಟಿಗೆ. ನನ್ನ ತಕರಾರು ಬೇರೆ. ಬ್ಯಾಟರ್‌ಗೆ ಗಾಯಾಳುಗಳ ಪಟ್ಟಿ ಕನಿಷ್ಠ 10 ದಿನದ್ದು, ಪಿಚರ್‌ಗೆ 15. 60 ದಿನದ ಪಟ್ಟಿಗೆ ಹಾಕಿದರೆ ಮಾತ್ರ 40 ಜನರ ಯಾದಿಯಲ್ಲಿ ಒಂದು ಜಾಗ ತೆರವಾಗುತ್ತದೆ, ಆ ಜಾಗಕ್ಕೆ ಹೊಸಬರನ್ನು ತರಬಹುದು. ಮುರಿದಿದೆಯೋ ಜಜ್ಜಿದೆಯೋ ಎಂಬುದು ಗೊತ್ತಿಲ್ಲದೆ ಈ ತೀರ್ಮಾನವನ್ನೂ ಮಾಡಲಾಗದು, ಟ್ರೇಡ್ ಗಡುವಿಗೆ ಮುಂಚೆ ಮೂರನೇ ಬೇಸ್‌ಗೆ ಯಾರನ್ನು ಕೊಳ್ಳಬೇಕೆಂಬುದನ್ನೂ ತೀರ್ಮಾನಿಸಲಾಗದು.

ಮೂರನೆಯದು ಒಹ್ತಾನಿ ಮೊಣಕೈ. ಇಲ್ಲಿ ತಾರೀಖುಗಳನ್ನು ಸಾಲಾಗಿ ನೋಡಬೇಕು. ಜುಲೈ 27ಕ್ಕೆ ಸೆಳೆತ. ಆಗಸ್ಟ್ 3ಕ್ಕೆ ಸಿಯಾಟಲ್ ವಿರುದ್ಧ ನಾಲ್ಕೇ ಇನ್ನಿಂಗ್ಸ್‌ಗೆ ಬೆರಳು ಸೆಳೆದು ಎಸೆತ ನಿಲ್ಲಿಸಿದರು, ಆದರೂ ಬ್ಯಾಟ್ ಹಿಡಿದು ಮುಂದುವರಿದು ಸೀಸನ್‌ನ 40ನೇ ಹೋಮ್ ರನ್ ಹೊಡೆದರು. ಆಗಸ್ಟ್ 9ಕ್ಕೆ ಆರು ಇನ್ನಿಂಗ್ಸ್ ಎಸೆದರು. ನಂತರ ತೋಳು ದಣಿದಿದೆ ಎಂದು ಒಂದು ಸರದಿ ಬಿಟ್ಟರು. ಆಗಸ್ಟ್ 23ಕ್ಕೆ ಸಿನ್ಸಿನಾಟಿ ವಿರುದ್ಧ ಎರಡನೇ ಇನ್ನಿಂಗ್ಸ್‌ನಲ್ಲೇ ಹೊರನಡೆದರು. ಮೊಣಕೈ ಒಳಬದಿಯ ಲಿಗಮೆಂಟ್ ಹರಿದಿತ್ತು. 2018ರಲ್ಲಿ ಆ ಲಿಗಮೆಂಟ್ ಬದಲಿಸುವ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾಗಿದ್ದ ಅದೇ ಬಲಗೈ. ಅದೇ ದಿನದ ಎರಡನೇ ಪಂದ್ಯದಲ್ಲಿ ಅವರು ಬ್ಯಾಟ್ ಮಾಡಿದರು ಎಂಬುದು ಈ ಪ್ರಕರಣದ ಅತಿ ವಿಚಿತ್ರ ಪುಟ.

ಆಗಸ್ಟ್ ಆರಂಭದಲ್ಲೇ ಸ್ಕ್ಯಾನ್ ಮಾಡಿಸೋಣ ಎಂದು ಕೇಳಿದ್ದೆವು, ಆಟಗಾರ ಮತ್ತು ಏಜೆಂಟ್ ಬೇಡವೆಂದರು ಎಂದು ಮಿನೇಸಿಯನ್ ಆಮೇಲೆ ಹೇಳಿದರು. ನಿಜವೇ ಇರಬಹುದು. ಮೂರು ತಿಂಗಳಲ್ಲಿ ಮಾರುಕಟ್ಟೆಗೆ ಬರಲಿರುವ ಆಟಗಾರನಿಗೆ ಕೆಟ್ಟ ಸ್ಕ್ಯಾನ್ ಯಾಕೆ ಬೇಕು? ಇಲ್ಲಿ ಆಟಗಾರನ ಹಿತ ಒಂದು ದಿಕ್ಕಿಗೆ, ತಂಡದ ಹಿತ ಇನ್ನೊಂದು ದಿಕ್ಕಿಗೆ ಎಳೆಯುತ್ತಿತ್ತು. ಹಾಗಿರುವಾಗ ತಂಡದ ಕೈಯಲ್ಲಿ ಉಳಿದಿದ್ದ ಅಸ್ತ್ರ ಎಸೆತಗಳ ಲೆಕ್ಕ ಮಾತ್ರ. ಒಹ್ತಾನಿಗಾಗಿ ಏಂಜಲ್ಸ್ ಐವರ ಬದಲು ಆರು ಪಿಚರ್‌ಗಳ ಸರದಿ ಇಟ್ಟುಕೊಂಡಿತ್ತು, ಅದು ಸರಿ. ಆದರೆ ಸೆಳೆತ ಮೊದಲ ಸಲ ಬಂದಾಗಲೇ ಒಂದು ಸರದಿ ತಪ್ಪಿಸಬಹುದಿತ್ತು, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ವಿಶ್ರಾಂತಿ ಸಿಕ್ಕಿದ್ದು ತೋಳು ತಾನಾಗಿ ಕೂಗಿಕೊಂಡ ಮೇಲೆ.

ಜುಲೈ 26ರ ಟ್ರೇಡ್

ವೈಟ್ ಸಾಕ್ಸ್‌ನಿಂದ ಬಂದವರು ಲೂಕಸ್ ಜಿಯೊಲಿಟೊ ಮತ್ತು ರೇನಾಲ್ಡೊ ಲೋಪೆಜ್. ಇಬ್ಬರ ಒಪ್ಪಂದವೂ ಅದೇ ಸೀಸನ್‌ಗೆ ಮುಗಿಯುವಂಥದು, ಅಂದರೆ ಎರಡು ತಿಂಗಳ ಬಾಡಿಗೆ. ಕೊಟ್ಟದ್ದು ಎಡ್ಗರ್ ಕ್ವೆರೊ ಎಂಬ 20ರ ಹರೆಯದ ಕ್ಯಾಚರ್ ಮತ್ತು ಎಡಗೈ ಪಿಚರ್ ಕೈ ಬುಷ್. ಕ್ವೆರೊ ಏಂಜಲ್ಸ್‌ನ ಕಿರಿಯರ ಯಾದಿಯಲ್ಲಿ ಮುಂಚೂಣಿಯಲ್ಲಿದ್ದವರು. ನಾಲ್ಕು ದಿನ ಬಿಟ್ಟು ಕೊಲರಾಡೋದಿಂದ ಸಿ.ಜೆ. ಕ್ರಾನ್, ರ‍್ಯಾಂಡಲ್ ಗ್ರಿಚಕ್ ಬಂದರು, ಅವರಿಗೆ ಇನ್ನಿಬ್ಬರು ಎಳೆಯ ಪಿಚರ್‌ಗಳು ಹೋದರು. ಗಡುವಿನ ಅಂಚಿನಲ್ಲಿ ಮೆಟ್ಸ್‌ನಿಂದ ಡೊಮಿನಿಕ್ ಲಿಯೋನ್.

ಸಮರ್ಥನೆಯನ್ನು ಮೊದಲು ನೋಡೋಣ. ಜುಲೈ ಮಧ್ಯದ ಬಿಡುವಿಗೆ 45-46 ಇದ್ದ ತಂಡ ಟ್ರೇಡ್ ಹೊತ್ತಿಗೆ ಆಮೇಲಿನ 10ರಲ್ಲಿ 7 ಗೆದ್ದಿತ್ತು. ಒಹಾಪಿ ಆಗಸ್ಟ್‌ಗೆ ಮರಳುವವರಿದ್ದರು, ಅವರಿರುವವರೆಗೆ ಕ್ವೆರೊಗೆ ಜಾಗ ಇರಲಿಲ್ಲ. ತಂಡಕ್ಕೆ ಪಿಚಿಂಗ್ ಕೊರತೆಯೂ ಇತ್ತು. ಇಷ್ಟನ್ನೂ ಒಪ್ಪೋಣ. ಒಪ್ಪಲಾಗದ್ದು ಏನೆಂದರೆ, ಆ 10 ಪಂದ್ಯಗಳಲ್ಲಿ ಮೂರು ಯಾಂಕೀಸ್ ಎದುರು, ನಾಲ್ಕು ಗೆಲುವಿಗಿಂತ ಸೋಲೇ ಹೆಚ್ಚಿದ್ದ ಪಿಟ್ಸ್‌ಬರ್ಗ್ ಮತ್ತು ಡೆಟ್ರಾಯ್ಟ್ ಎದುರು. ಗಟ್ಟಿ ತಂಡವಾದ ಹ್ಯೂಸ್ಟನ್ ಎದುರಿನ ಮೂರರಲ್ಲಿ ಗೆದ್ದದ್ದು ಒಂದೇ. ಮುಂದಿನ ಹತ್ತು ದಿನದಲ್ಲಿ ಟೊರಾಂಟೊ, ಅಟ್ಲಾಂಟಾ, ಸಿಯಾಟಲ್ ಕಾದಿದ್ದವು. ವೇಳಾಪಟ್ಟಿ ಯಾರಿಂದಲೂ ಮುಚ್ಚಿಟ್ಟ ಕಾಗದವೇನಲ್ಲ.

ಜುಲೈ 31ಕ್ಕೆ 56-51. ಅಲ್ಲಿಂದ ಸತತ ಏಳು ಸೋಲು: ಅಟ್ಲಾಂಟಾದಲ್ಲಿ ಎರಡು, ಸಿಯಾಟಲ್‌ಗೆ ತವರಲ್ಲೇ ನಾಲ್ಕಕ್ಕೆ ನಾಲ್ಕು, ಸ್ಯಾನ್ ಫ್ರಾನ್ಸಿಸ್ಕೊಗೆ ಒಂದು. ಆಗಸ್ಟ್ 3ರ ಪಂದ್ಯ ಮರೆಯುವಂತಿಲ್ಲ. ಒಹ್ತಾನಿ ಹೋಮ್ ರನ್ನಿನ ನಂತರ 3-1 ಮುನ್ನಡೆ, ಕೊನೆಯ ಇನ್ನಿಂಗ್ಸ್‌ನಲ್ಲಿ ಬೇಸ್‌ಗಳೆಲ್ಲ ತುಂಬಿರುವಾಗ ಸಿಯಾಟಲ್‌ನ ಹೊಸ ಹುಡುಗ ಕೇಡ್ ಮಾರ್ಲೋ ಎಸ್ಟೆವೆಜ್ ಎಸೆತವನ್ನು ಗೋಡೆಯಾಚೆ ಕಳಿಸಿದ, 5-3 ಸೋಲು. ಆಗಸ್ಟ್ ಇಡೀ ತಿಂಗಳಿನ ಲೆಕ್ಕ 8-19. ಜಿಯೊಲಿಟೊ ಏಂಜಲ್ಸ್‌ಗಾಗಿ ಆರು ಪಂದ್ಯ ಆರಂಭಿಸಿ ಒಂದು ಗೆದ್ದು ಐದು ಸೋತರು, ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 6.89 ರನ್ ಬಿಟ್ಟರು. ಅವರದು ಎತ್ತರದ ವೇಗದ ಎಸೆತ ಮತ್ತು ನಿಧಾನವಾಗಿ ಬಂದು ಬ್ಯಾಟರ್‌ನನ್ನು ಏಮಾರಿಸುವ ಚೇಂಜಪ್ ಜೋಡಿ. ಆ ವೇಗದ ಎಸೆತ ಸ್ವಲ್ಪ ತಗ್ಗಿದರೂ ಚೆಂಡು ಸ್ಟ್ಯಾಂಡ್ ಸೇರುತ್ತದೆ. ಆ ವರ್ಷ ಅವರು ಕೊಟ್ಟ ಹೋಮ್ ರನ್ 41. ಲೋಪೆಜ್ ಮಾತ್ರ ಚೆನ್ನಾಗಿಯೇ ಎಸೆದರು. ಕ್ರಾನ್ ಬೆನ್ನು ಹಿಡಿದು 15 ಪಂದ್ಯಕ್ಕೆ ನಿಂತರು.

ಹಾಗಾದರೆ ಒಹ್ತಾನಿಯನ್ನು ಆ ಜುಲೈನಲ್ಲಿ ಮಾರಬೇಕಿತ್ತೇ? ಅಷ್ಟು ಸುಲಭದ ಉತ್ತರ ನನಗೆ ಒಪ್ಪಿಗೆಯಿಲ್ಲ. ಕೊಳ್ಳುವವರಿಗೆ ಸಿಗುವುದು ಎರಡು ತಿಂಗಳು, ಅಷ್ಟಕ್ಕೆ ಯಾರೂ ಮನೆಯ ಬೀಗದ ಕೈ ಕೊಡುವುದಿಲ್ಲ. ಸರಿಯಾದ ಬೆಲೆ ಸಿಗುತ್ತಿದ್ದದ್ದು ಒಂದು ವರ್ಷ ಹಿಂದೆ, 2022ರ ಆಗಸ್ಟ್ 2ರ ಗಡುವಿನಲ್ಲಿ. ಆಗ ಅವರ ಮೇಲೆ ಒಂದೂವರೆ ಸೀಸನ್ ಹಕ್ಕು ಉಳಿದಿತ್ತು. ಅದೇ ದಿನ ವಾಷಿಂಗ್ಟನ್ ತಂಡ ತಾರಾ ಬ್ಯಾಟರ್ ಹುವಾನ್ ಸೋಟೊ ಅವರನ್ನು ಸ್ಯಾನ್ ಡಿಯೇಗೋಗೆ ಕೊಟ್ಟು ಜೇಮ್ಸ್ ವುಡ್, ಸಿ.ಜೆ. ಏಬ್ರಮ್ಸ್, ಮೆಕೆಂಜಿ ಗೋರ್ ಸೇರಿದಂತೆ ಒಂದು ಪೀಳಿಗೆಯನ್ನೇ ಪಡೆದುಕೊಂಡಿತು. ಸೋಟೊ ಮೇಲೆ ಎರಡೂವರೆ ಸೀಸನ್ ಹಕ್ಕಿತ್ತು ನಿಜ, ಆದರೆ ಏಂಜಲ್ಸ್ ಅದರ ಅರ್ಧ ಪಡೆದಿದ್ದರೂ ಸಾಕಿತ್ತು. ಆ ವರ್ಷ 27-17ಕ್ಕೆ ಶುರುವಾದ ತಂಡ ಸತತ 14 ಸೋತು, ಆ ನಡುವೆಯೇ ಮ್ಯಾನೇಜರ್ (ಮುಖ್ಯ ಕೋಚ್) ಜೋ ಮ್ಯಾಡನ್ ಅವರನ್ನು ಮನೆಗೆ ಕಳಿಸಿ, ಗಡುವಿನ ಹೊತ್ತಿಗೆ ಯಾವ ಭ್ರಮೆಗೂ ಅವಕಾಶವಿಲ್ಲದ ಸ್ಥಿತಿಯಲ್ಲಿತ್ತು. ಆದರೂ ಮಾರಲಿಲ್ಲ. ಮೂರು ವಾರ ಕಳೆದು ಆಗಸ್ಟ್ 23ಕ್ಕೆ ಮೊರೇನೊ ತಂಡವನ್ನೇ ಮಾರಲು ನೋಡುತ್ತೇನೆ ಎಂದರು. 2023ರ ಜನವರಿ 23ಕ್ಕೆ ಮಾರುವುದಿಲ್ಲ ಎಂದರು. ನಡುವಿನ ಐದು ತಿಂಗಳಲ್ಲಿ ಒಹ್ತಾನಿ ಇಲ್ಲದ ಅಂಗಡಿಗೆ ಗಿರಾಕಿ ಕಡಿಮೆ ಬೆಲೆ ಕಟ್ಟುತ್ತಾನೆ, ಹಾಗಾಗಿ ಆ ಚಳಿಗಾಲದ ಬಾಗಿಲೂ ಮುಚ್ಚಿತು. ಜುಲೈ 26ಕ್ಕೆ ಮಿನೇಸಿಯನ್ ಮುಂದೆ ಉಳಿದದ್ದು ಎರಡು ಕೆಟ್ಟ ದಾರಿಗಳು. ಆ ದಿನ ಅವರನ್ನೊಬ್ಬರನ್ನೇ ಬೈಯುವುದು ನ್ಯಾಯವಲ್ಲ.

ಆಗಸ್ಟ್ 29: ಆರು ಜನ ಒಟ್ಟಿಗೆ

ತಿಂಗಳು ಕಳೆಯುವುದರೊಳಗೆ ಜಿಯೊಲಿಟೊ, ಲೋಪೆಜ್, ಲಿಯೋನ್, ಮೂರ್, ರೆನ್‌ಫ್ರೋ, ಗ್ರಿಚಕ್ ಆರೂ ಮಂದಿಯನ್ನು ತಂಡ ವೇವರ್‌ಗೆ ಹಾಕಿತು. ಗಡುವಿನ ನಂತರ ಟ್ರೇಡ್‌ಗೆ ಅವಕಾಶವಿಲ್ಲ, ಆದರೆ ಬೇಡವೆಂದು ಬಿಟ್ಟ ಆಟಗಾರನನ್ನು ಬೇರೆ ತಂಡ ಎತ್ತಿಕೊಳ್ಳಬಹುದು. ಸೋಲು ಹೆಚ್ಚಿರುವ ತಂಡಕ್ಕೆ ಮೊದಲ ಹಕ್ಕು. ಎತ್ತಿಕೊಂಡವರು ಉಳಿದ ಸಂಬಳವನ್ನು ಪೂರ್ತಿ ಹೊರಬೇಕು, ಪ್ರತಿಯಾಗಿ ಏನೂ ಕೊಡಬೇಕಿಲ್ಲ. ಆಗಸ್ಟ್ 31ರೊಳಗೆ ಹೊಸ ತಂಡ ಸೇರಿದರೆ ಮಾತ್ರ ಪ್ಲೇಆಫ್ ಆಡಲು ಅರ್ಹತೆ, ಅದಕ್ಕೇ ಆ ತಾರೀಖು. ಕ್ಲೀವ್‌ಲ್ಯಾಂಡ್ ಜಿಯೊಲಿಟೊ, ಲೋಪೆಜ್, ಮೂರ್ ಮೂವರನ್ನೂ ಬಾಚಿಕೊಂಡಿತು. ರೆನ್‌ಫ್ರೋ ಸಿನ್ಸಿನಾಟಿಗೆ, ಲಿಯೋನ್ ಸಿಯಾಟಲ್‌ಗೆ. ಗ್ರಿಚಕ್‌ರನ್ನು ಯಾರೂ ಕೇಳಲಿಲ್ಲ.

ಇದಕ್ಕೆ ಸಿಕ್ಕಷ್ಟು ಬೈಗುಳ ಬೇರಾವುದಕ್ಕೂ ಸಿಗಲಿಲ್ಲ, ಆದರೆ ಇಡೀ ವರ್ಷದಲ್ಲಿ ಆಡಳಿತ ಲೆಕ್ಕ ಹಾಕಿ ಇಟ್ಟ ಹೆಜ್ಜೆ ಇದೊಂದೇ. ಸೀಸನ್‌ನಲ್ಲಿ ಉಳಿದಿದ್ದದ್ದು ಸುಮಾರು ಆರನೇ ಒಂದು ಭಾಗ. ಜಿಯೊಲಿಟೊ ಅವರ ವರ್ಷದ ಸಂಬಳ 1.04 ಕೋಟಿ ಡಾಲರ್, ಅಂದರೆ ಅವರೊಬ್ಬರಿಂದಲೇ ಸುಮಾರು 17 ಲಕ್ಷ ಇಳಿಯಿತು. ಐವರದ್ದೂ ಸೇರಿ ವರ್ಷದ ಕೊನೆಗೆ ತಂಡ 23.3 ಕೋಟಿ ಗೆರೆಯ ಕೆಳಗೆ ಕೂದಲೆಳೆಯಲ್ಲಿ ನುಸುಳಿತು. ತೆರಿಗೆ ಉಳಿದದ್ದು ಸಣ್ಣ ಲಾಭ. ದೊಡ್ಡದು ಡ್ರಾಫ್ಟ್‌ನಲ್ಲಿತ್ತು. ಬಿಟ್ಟುಹೋಗಲಿರುವ ಆಟಗಾರನಿಗೆ ಒಂದು ವರ್ಷದ ನಿಗದಿತ ಮೊತ್ತ, ಆ ಸಲ 2.03 ಕೋಟಿ, ಕೊಡುತ್ತೇವೆಂದು ತಂಡ ಮುಂದಿಟ್ಟು, ಅವನು ನಿರಾಕರಿಸಿ ಬೇರೆಡೆ ಹೋದರೆ ಪರಿಹಾರವಾಗಿ ಒಂದು ಆಯ್ಕೆ ಸಿಗುತ್ತದೆ. ತೆರಿಗೆ ಗೆರೆಯೊಳಗಿದ್ದರೆ ಅದು ಎರಡನೇ ಸುತ್ತಿನ ನಂತರ, ದಾಟಿದ್ದರೆ ನಾಲ್ಕನೇ ಸುತ್ತಿನ ನಂತರ. ಒಹ್ತಾನಿ ಡಿಸೆಂಬರ್‌ನಲ್ಲಿ 10 ವರ್ಷಕ್ಕೆ 70 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿ ಡಾಡ್ಜರ್ಸ್ ಸೇರಿದರು. ಏಂಜಲ್ಸ್‌ಗೆ ಸಿಕ್ಕಿದ್ದು 74ನೇ ಆಯ್ಕೆ. ಅದರಲ್ಲಿ ಬಂದ ಪಿಚರ್ ರಯಾನ್ ಜಾನ್ಸನ್, ಮೈನರ್ ಲೀಗ್‌ನಲ್ಲಿ ಒಂದೂ ಪಂದ್ಯ ಆಡದೆ ನೇರ 2025ರಲ್ಲಿ ಮೇಜರ್ ಲೀಗ್ ಕಣಕ್ಕಿಳಿದರು. ಆ ಅವಸರವೂ ಈ ತಂಡದ ಗುಣವೇ: 2023ರ ಜುಲೈನಲ್ಲಿ ಆರಿಸಿದ ನೋಲನ್ ಶಾನುಯೆಲ್ ಅವರನ್ನು ಆಗಸ್ಟ್ 18ಕ್ಕೇ ಮೇಲೆ ತಂದಿದ್ದರು.

ಗಡುವಿನ ಮುನ್ನಾದಿನ ಹಾಕಬೇಕಿದ್ದ ಲೆಕ್ಕ

ಇಂಥ ಜುಲೈನಲ್ಲಿ ತಂಡವೊಂದು ಕೊಳ್ಳಬೇಕೋ ಮಾರಬೇಕೋ ಎಂದು ನೋಡಲು ಗೆಲುವು-ಸೋಲಿನ ಪಟ್ಟಿ ಸಾಲದು. ಮೊದಲು, ಪ್ರತಿ ದೊಡ್ಡ ಆಟಗಾರನ ಹಿಂದಿನ ಮೂರು ವರ್ಷದ ಪಂದ್ಯಗಳ ಸರಾಸರಿಯನ್ನೇ ಈ ವರ್ಷದ ಅಂದಾಜು ಎಂದು ಬರೆದುಕೊಳ್ಳಬೇಕು. ಟ್ರೌಟ್‌ಗೆ 2020ರ ಮೊಟಕು ಸೀಸನ್ ಸೇರಿಸಿದರೂ 80 ದಾಟುವುದಿಲ್ಲ, ರೆಂಡಾನ್‌ಗೆ 50ರ ಆಸುಪಾಸು. ಮಿಕ್ಕ ಪಂದ್ಯಗಳಲ್ಲಿ ಅವರ ಜಾಗದಲ್ಲಿ ಆಡುವವರ ಹೆಸರು ಎದುರಿಗೆ ಬರೆಯಬೇಕು. ಹೆಸರು ಹೊಳೆಯದಿದ್ದರೆ ಕೊಳ್ಳಬೇಕಾದದ್ದು ಅಲ್ಲಿ. ಆಮೇಲೆ, ಗಾಯಾಳುಗಳಲ್ಲಿ ಮರಳುವ ತಾರೀಖು ಖಚಿತವಿಲ್ಲದವರನ್ನು ಆ ವರ್ಷದ ಮಟ್ಟಿಗೆ ಇಲ್ಲವೆಂದೇ ಹಿಡಿಯಬೇಕು. ಹಾಗೆ ಹಿಡಿದಾಗಲೂ ಸ್ಪರ್ಧೆಯಲ್ಲಿದ್ದೇವೆ ಎನಿಸಿದರೆ ಎರಡು ತಿಂಗಳ ಬಾಡಿಗೆಗೆ ಎಳೆಯರನ್ನು ಕೊಡಬಹುದು. ಇಲ್ಲದಿದ್ದರೆ ಇನ್ನೂ ಒಂದೆರಡು ವರ್ಷ ಹಕ್ಕಿರುವ ಆಟಗಾರರಿಗಷ್ಟೇ ಬೆಲೆ ಕಟ್ಟಬೇಕು. 2022ರಲ್ಲಿ ಬ್ರ್ಯಾಂಡನ್ ಮಾರ್ಶ್ ಅವರನ್ನು ಕೊಟ್ಟು ಒಹಾಪಿಯನ್ನು ತಂದದ್ದು ಇದೇ ಬಗೆಯ ವ್ಯಾಪಾರ. ಅದನ್ನು ಮಾಡಿದ್ದೂ ಇದೇ ಮಿನೇಸಿಯನ್.

ಸೀಸನ್ ಮುಗಿದ ಮರುದಿನ ಮ್ಯಾನೇಜರ್ ಫಿಲ್ ನೆವಿನ್ ಅವರ ಒಪ್ಪಂದ ಮುಂದುವರಿಸುವುದಿಲ್ಲ ಎಂಬ ಪ್ರಕಟಣೆ ಬಂತು. ರಾನ್ ವಾಷಿಂಗ್ಟನ್ ಬಂದರು. 2024ರಲ್ಲಿ ಟ್ರೌಟ್ ಮೊಣಕಾಲಿನ ಮೆನಿಸ್ಕಸ್ ಹರಿದುಕೊಂಡು 29 ಪಂದ್ಯಕ್ಕೆ ನಿಂತರು, ರೆಂಡಾನ್ 57 ಆಡಿದರು, ತಂಡ 99 ಸೋತಿತು. ಆದರೆ ಆ ಜುಲೈನಲ್ಲಿ ಮಾರುವ ಧೈರ್ಯ ಬಂತು: ಎಸ್ಟೆವೆಜ್ ಫಿಲಡೆಲ್ಫಿಯಾಗೆ ಹೋಗಿ ಜಾರ್ಜ್ ಕ್ಲಾಸನ್, ಸ್ಯಾಮ್ಯುಯೆಲ್ ಆಲ್ಡೆಗೆರಿ ಎಂಬಿಬ್ಬರು ಎಳೆಯ ಪಿಚರ್‌ಗಳು ಬಂದರು. 2025ರ ಗಡುವಿಗೆ ಮತ್ತೆ ಕೊಳ್ಳುವ ಹುಕಿ. ಗೆಲುವಿಗಿಂತ ಸೋಲು ಹೆಚ್ಚಿದ್ದಾಗಲೇ ವಾಷಿಂಗ್ಟನ್ ನ್ಯಾಷನಲ್ಸ್ ತಂಡದಿಂದ ಆಂಡ್ರ್ಯೂ ಚೇಫಿನ್, ಲೂಯಿಸ್ ಗಾರ್ಸಿಯಾ ಎಂಬ ಇಬ್ಬರು ಹಿರಿಯ ರಿಲೀಫ್ ಪಿಚರ್‌ಗಳನ್ನು ತರಿಸಿಕೊಂಡರು. ಸೀಸನ್ 72-90ಕ್ಕೆ ಮುಗಿಯಿತು. ಆ ಸಲ ಕೊಟ್ಟವರ ಪಟ್ಟಿಯಲ್ಲಿ ಕ್ವೆರೊ ಮಟ್ಟದವರು ಯಾರೂ ಇರಲಿಲ್ಲ. ಆ ವೇಳೆಗೆ ಕ್ವೆರೊ ಷಿಕಾಗೋದಲ್ಲಿ ಮೇಜರ್ ಲೀಗ್ ಕ್ಯಾಚರ್ ಆಗಿ ಆಡುತ್ತಿದ್ದರು.